ಸೋಮವಾರದ ಹಾಜರಿ

ಶನಿವಾರ ಸಂಜೆ ಬಟವಾಡೆ. ಸೋಮವಾರ ಬೆಳಿಗ್ಗೆ ನನ್ನ ಹಾಜರಿ ಪುಸ್ತಕದಲ್ಲಿ ‘ಗೈ’ ಹೆಚ್ಚು. ಈ ಎರಡಕ್ಕೂ ಸಂಬಂಧವಿದೆ ಎಂದು ತಿಳಿಯಲು ನನಗೆ ನಾಲ್ಕು ವರ್ಷ ಹಿಡಿಯಿತು.

ಮಾರತ್ತಹಳ್ಳಿ ಸೇತುವೆಯಿಂದ ನಡೆದೇ ಬರಬಹುದಾದ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಶಿಕ್ಷಕಿ. ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಮುನ್ನೇಕೊಳಾಲು, ಪಣತ್ತೂರು ಕಡೆಯ ತಗಡಿನ ಶೆಡ್ಡುಗಳಿಂದ ಬರುತ್ತಾರೆ. ಅಪ್ಪ ಅಮ್ಮ ಯಾದಗಿರಿ, ರಾಯಚೂರು, ಕಲಬುರಗಿಯಿಂದ ದುಡಿಯಲು ಬಂದವರು. ರಿಂಗ್ ರೋಡಿನ ಗಾಜಿನ ಕಟ್ಟಡಗಳಿಗೆ ಕಾಂಕ್ರೀಟು ಹೊತ್ತವರು, ಅಪಾರ್ಟ್‌ಮೆಂಟುಗಳಲ್ಲಿ ಮನೆಗೆಲಸ ಮಾಡುವವರು. ಒಂದು ಕಟ್ಟಡ ಮುಗಿದರೆ ಶೆಡ್ಡು ಕಿತ್ತು ಮತ್ತೊಂದು ಕಡೆಗೆ. ಹಿಂದೆಯೇ ಮಗುವಿನ ಟಿ.ಸಿ.

ಆರನೇ ತರಗತಿಗೆ ಸೇರಿದ ಒಬ್ಬ ಹುಡುಗ ಬರೆಯುತ್ತಲೇ ಇರಲಿಲ್ಲ. ಬಿಸಿಯೂಟಕ್ಕೆ ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುವನು, ಆದರೆ ಅನ್ನ ಹಾಗೇ ಆರಿಹೋಗುತ್ತಿತ್ತು. ಸೋಮಾರಿ ಎಂದುಕೊಂಡು ಎರಡು ಸಲ ತರಗತಿಯ ಹೊರಗೆ ನಿಲ್ಲಿಸಿದೆ. ಆ ತಪ್ಪು ನನ್ನದು, ಇವತ್ತಿಗೂ ಚುಚ್ಚುತ್ತದೆ. ತಾಯಿಯನ್ನು ಕರೆಸಿದಾಗ ಆಕೆ ಹೇಳಿದ್ದು: “ಇವನಿಗಿ ಗಾಳಿ ಬಡದದರೀ ಮೇಡಂ. ಊರಿಗಿ ಹೋಗಿ ತಾಯತ ಕಟ್ಟಿಸ್ಕೊಂಡು ಬಂದೀವಿ.” ಬಟವಾಡೆಯ ರಾತ್ರಿ ಅಪ್ಪ ಕುಡಿದು ಬಂದು ಹೊಡೆಯುವುದು, ಹುಡುಗ ತಂಗಿಯನ್ನು ಎತ್ತಿಕೊಂಡು ಶೆಡ್ಡಿನ ಹಿಂದೆ ಬೆಳಗಿನತನಕ ಕೂರುವುದು, ಇವೆಲ್ಲ ಆಮೇಲೆ ಒಂದೊಂದಾಗಿ ಹೊರಬಂದವು. ಸೋಮವಾರದ ‘ಗೈ’ಗಳ ಅರ್ಥ ನನಗೆ ಆಗ ತಿಳಿಯಿತು.

ಮಕ್ಕಳ ಮನಸ್ಸಿನ ಆರೈಕೆಯನ್ನು ಮೂರು ಹಂತದಲ್ಲಿ ಮಾಡಬೇಕು ಎಂದು ತರಬೇತಿಯಲ್ಲಿ ಕೇಳಿದಾಗ ನನಗೆ ನೆನಪಾದದ್ದು ಬಿಸಿಯೂಟವೇ. ಊಟ ಎಲ್ಲ ಮಕ್ಕಳಿಗೂ ಉಂಟು, ಯಾರನ್ನೂ ‘ನಿನಗೆ ಹಸಿವಿದೆಯಾ’ ಎಂದು ಪರೀಕ್ಷಿಸಿ ಬಡಿಸುವುದಿಲ್ಲ. ಅದರ ಮೇಲೂ ಸೊರಗಿದ ಮಗು ಕಂಡರೆ ಆರೋಗ್ಯ ಕೇಂದ್ರದವರು ಮಾತ್ರೆ ಕೊಟ್ಟು, ತೂಕ ನೋಡಿ, ತಿಂಗಳು ಬಿಟ್ಟು ಮತ್ತೆ ನೋಡುತ್ತಾರೆ. ತೀರಾ ಬಳಲಿದ ಮಗು ಆಸ್ಪತ್ರೆಗೆ ಹೋಗುತ್ತದೆ. ಮನಸ್ಸಿಗೂ ಇದೇ ಲೆಕ್ಕ: ಎಲ್ಲರಿಗೂ ಒಂದಿಷ್ಟು, ಕೆಲವರಿಗೆ ಇನ್ನಷ್ಟು, ಒಬ್ಬಿಬ್ಬರಿಗೆ ವೈದ್ಯರು.

ಮನೋವೈದ್ಯರಲ್ಲದವರೂ ಮೊದಲ ಆರೈಕೆ ಕೊಡಬಹುದು ಎಂಬುದು ನಮಗೆ ಹೊಸದೇನಲ್ಲ. 1970ರ ದಶಕದಲ್ಲೇ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ತನ್ನ ಗೋಡೆ ದಾಟಿ, ಬನ್ನೇರುಘಟ್ಟದ ಕಡೆಯ ಸಕಲವಾರದಲ್ಲಿ ಹಳ್ಳಿಗರ ನಡುವೆ ಕೆಲಸ ಶುರುಮಾಡಿತು. 80ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮನೋವೈದ್ಯರಿಲ್ಲದ ಊರುಗಳಲ್ಲೂ ಮೊದಲ ಆರೈಕೆ ಸಾಧ್ಯ ಎಂದು ತೋರಿಸಿತು. ಆ ‘ಬಳ್ಳಾರಿ ಮಾದರಿ’ಯ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ನಿಂತಿತು. ಬಳ್ಳಾರಿಯಲ್ಲಿ ಆರೋಗ್ಯ ಕಾರ್ಯಕರ್ತೆ ಮಾಡಿದ್ದನ್ನು ಶಾಲೆಯಲ್ಲಿ ಶಿಕ್ಷಕಿ ಮಾಡಬೇಕು.

ಮೊದಲ ಹಂತದಲ್ಲಿ ನಾನು ಮಾಡುವುದು ಸಣ್ಣ ಕೆಲಸಗಳೇ. ಬೆಳಿಗ್ಗೆ ಹೆಸರು ಕೂಗುವಾಗ ತಲೆ ಎತ್ತಿ ಮುಖ ನೋಡುತ್ತೇನೆ. ವಾರಕ್ಕೊಂದು ಪಿರಿಯಡ್ಡಿನಲ್ಲಿ ಮಕ್ಕಳನ್ನು ದುಂಡಗೆ ಕೂರಿಸಿ, ಸಿಟ್ಟು ಬಂದಾಗ ಏನು ಮಾಡುತ್ತೀರಿ, ದೊಡ್ಡವರು ಗುಟ್ಕಾ ತರಲು ಹೇಳಿದರೆ ‘ಬೇಡ’ ಅನ್ನುವುದು ಹೇಗೆ ಎಂದು ಆಟವಾಡಿಸುತ್ತೇನೆ. ಇದಕ್ಕೆ ಜೀವನ ಕೌಶಲ ಶಿಕ್ಷಣ ಎಂದು ಹೆಸರು. 2020ರಲ್ಲಿ ಶುರುವಾದ ಶಾಲಾ ಆರೋಗ್ಯ ಕಾರ್ಯಕ್ರಮದ ಪ್ರಕಾರ ಪ್ರತಿ ಶಾಲೆಯ ಇಬ್ಬರು ಶಿಕ್ಷಕರು ಆರೋಗ್ಯ ರಾಯಭಾರಿಗಳಾಗಬೇಕು. ಅವರು ಕಲಿಸಬೇಕಾದ 11 ವಿಷಯಗಳಲ್ಲಿ ಮನಸ್ಸಿನ ಆರೋಗ್ಯವೂ ಒಂದು.

ಇದರಿಂದ ಫಲವಿದೆಯೇ? ನಿಮ್ಹಾನ್ಸ್‌ನ ಡಾ. ಶ್ರೀಕಲಾ ಭರತ್ ಮತ್ತು ಕೆ.ವಿ. ಕಿಶೋರ್ ಕುಮಾರ್ 2010ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಜೀವನ ಕೌಶಲ ಕಲಿತ 605 ಮಕ್ಕಳನ್ನು, ಕಲಿಯದ 423 ಮಕ್ಕಳ ಜೊತೆ ಹೋಲಿಸಿದರು. ಕಲಿತವರಲ್ಲಿ ತಮ್ಮ ಬಗ್ಗೆ ಗೌರವ, ಕಷ್ಟ ನಿಭಾಯಿಸುವ ಧೈರ್ಯ, ಶಾಲೆ ಮತ್ತು ಶಿಕ್ಷಕರೊಂದಿಗಿನ ಹೊಂದಾಣಿಕೆ ಚೆನ್ನಾಗಿದ್ದವು. ಆದರೆ ಮನೆಯಲ್ಲಿನ ಹೊಂದಾಣಿಕೆಯಲ್ಲಾಗಲಿ, ಮಾನಸಿಕ ತೊಂದರೆಯ ಲಕ್ಷಣಗಳಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ನನ್ನ ಮಟ್ಟಿಗೆ ಈ ಎರಡನೇ ಮಾತು ಮೊದಲನೆಯದಕ್ಕಿಂತ ಮುಖ್ಯ. ಒಳ್ಳೆಯ ತರಗತಿ ಎಲ್ಲ ಮಕ್ಕಳನ್ನೂ ಗಟ್ಟಿ ಮಾಡುತ್ತದೆ, ಆದರೆ ನೊಂದ ಮಗುವಿಗೆ ಅದಷ್ಟೇ ಸಾಲದು. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ 13ರಿಂದ 17 ವಯಸ್ಸಿನವರಲ್ಲಿ ನೂರಕ್ಕೆ 7.3 ಮಂದಿಗೆ ಮಾನಸಿಕ ತೊಂದರೆ ಕಂಡುಬಂದಿತ್ತು. ಆ ವಯಸ್ಸಿನ ನಲವತ್ತು ಮಕ್ಕಳ ತರಗತಿ ಎಂದರೆ ಸುಮಾರು ಮೂವರು.

ಆ ಮೂವರಿಗೂ, ಆ ದಾರಿಯ ಅಂಚಿನಲ್ಲಿರುವ ಇನ್ನೂ ಕೆಲವರಿಗೂ ಬೇಕಾದದ್ದು ಎರಡನೇ ಹಂತ. ತರಬೇತಿ ಪಡೆದ ಒಬ್ಬ ಆಪ್ತಸಮಾಲೋಚಕಿ ಮಗುವನ್ನು ಪ್ರತ್ಯೇಕ ಕೂರಿಸಿಕೊಂಡು ವಾರವಾರ ಮಾತಾಡಬೇಕು, ತಾಯಿತಂದೆಯ ಜೊತೆ ಕೂರಬೇಕು, ವೈದ್ಯರು ಬೇಕೋ ಬೇಡವೋ ಹೇಳಬೇಕು. ಇದು ಶಿಕ್ಷಕಿಯ ಕೈಗೆ ಮೀರಿದ್ದು. ರೋಗಕ್ಕೆ ಹೆಸರಿಡುವ ಕೆಲಸ ನನ್ನದಲ್ಲ. ಮಗು ಹೇಳಿದ ಗುಟ್ಟು ಸ್ಟಾಫ್ ರೂಮಿನ ಮಾತಾಗದಂತೆ ನೋಡಿಕೊಳ್ಳುವುದು ನನ್ನದು. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ ಮಾತ್ರ ಮುಚ್ಚಿಡುವಂತಿಲ್ಲ, 2012ರ ಪೋಕ್ಸೊ ಕಾಯ್ದೆಯಂತೆ ತಿಳಿಸಲೇಬೇಕು. ಮಕ್ಕಳ ಸಹಾಯವಾಣಿ 1098 ಇರುವುದೂ ಇಂಥ ಹೊತ್ತಿಗೇ.

ನಮ್ಮ ಶಾಲೆಯಲ್ಲಿ ಸಮಾಲೋಚಕಿ ಇರಲಿಲ್ಲ. ಹಾಗಾಗಿ ಆ ಹುಡುಗ ಮೊದಲ ಮೆಟ್ಟಿಲಿನಿಂದ ನೇರ ಮೂರನೆಯದಕ್ಕೆ ಜಿಗಿಯಬೇಕಾಯಿತು. ಒಂದು ದಿನ ಅವನು “ನಾ ಸತ್ರ ಚಲೋರೀ ಮಿಸ್” ಅಂದ. ಅಂಥ ಮಾತು ಕಿವಿಗೆ ಬಿದ್ದರೆ ಕಾಯಬಾರದು ಎಂದು ಕಲಿತಿದ್ದೆ. ಅವನನ್ನು ಒಂಟಿಯಾಗಿ ಬಿಡದೆ, ತಾಯಿಯನ್ನು ಅವತ್ತೇ ಕರೆಸಿದೆ. ನಿಮ್ಹಾನ್ಸ್ ಎಂದೊಡನೆ ಆಕೆ ಬೆಚ್ಚಿದಳು: “ನಮ್ಮ ಹುಡುಗಗ ಹುಚ್ಚು ಹಿಡದದೇನ್ರೀ?” ಜ್ವರ ಬಂದರೆ ಡಾಕ್ಟರ ಹತ್ತಿರ ಹೋಗುವುದಿಲ್ಲವೇ, ಇದೂ ಹಾಗೇ ಎಂದು ಒಂದು ಗಂಟೆ ಹೇಳಿದೆ. ನಾನೂ ಜೊತೆಗೆ ಹೊರಟೆ. ರಿಂಗ್ ರೋಡಿನ ಬಸ್ಸಿನಲ್ಲಿ ಸಿಲ್ಕ್ ಬೋರ್ಡು, ಅಲ್ಲಿಂದ ಇನ್ನೊಂದು ಬಸ್ಸು. ಮಹಿಳೆಯರಿಗೆ ಉಚಿತ ಬಸ್ಸಿನ ಶಕ್ತಿ ಯೋಜನೆಯಿಂದ ಆಕೆಗೆ ಟಿಕೆಟ್ಟಿನ ಖರ್ಚಿರಲಿಲ್ಲ, ಆದರೆ ಅವತ್ತಿನ ಕೂಲಿ ಹೋಯಿತು. ಪ್ರತಿ ಭೇಟಿಗೂ ಒಂದು ದಿನದ ಕೂಲಿ. ಚಿಕಿತ್ಸೆ ನಡುವೆ ನಿಲ್ಲುವುದು ಹೀಗೆಯೇ. ಈ ಹುಡುಗನ ತಾಯಿ ನಿಲ್ಲಿಸಲಿಲ್ಲ. ಅವನು ಮತ್ತೆ ಅನ್ನ ಉಂಡ, ಏಳನೇ ತರಗತಿಯಲ್ಲಿ ಕನ್ನಡ ನಿಬಂಧ ಬರೆದ. ಆಮೇಲೆ ಕಟ್ಟಡ ಮುಗಿಯಿತು, ಟಿ.ಸಿ. ಹೊರಟಿತು.

ಹತ್ತಿರದ ಸಹಾಯವೂ ಉಂಟು, ಪೋಷಕರು ಇದನ್ನು ಬರೆದಿಟ್ಟುಕೊಳ್ಳಬೇಕು. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮನಸ್ ಸಹಾಯವಾಣಿಯ ಸಂಖ್ಯೆ 14416. ಹಗಲೂ ರಾತ್ರಿ, ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು. 10ರಿಂದ 19 ವಯಸ್ಸಿನವರಿಗಾಗಿ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್‌ಗಳಿವೆ. ಆದರೆ ಫೋನು ಮಾಡಬೇಕೆಂದು ಮಗುವಿಗೆ ಹೇಳುವವರು ಯಾರು? ಒಂದು ಕರೆಯಾದ ಮೇಲೆ ಮುಂದಿನ ವಾರ ಹೇಗಿದ್ದೀಯಾ ಎಂದು ಕೇಳುವವರು ಯಾರು? ಆ ಜಾಗದಲ್ಲಿ ಶಾಲೆಯೊಳಗೇ ಒಬ್ಬರು ಬೇಕು.

2025ರ ಜುಲೈ 25ರಂದು ಸುಪ್ರೀಂ ಕೋರ್ಟ್ ಇದನ್ನೇ ಹೇಳಿದೆ. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಯಲ್ಲಿ ಅರ್ಹ ಸಮಾಲೋಚಕರೊಬ್ಬರಾದರೂ ಇರಬೇಕು. ಅದಕ್ಕಿಂತ ಚಿಕ್ಕವು ಹೊರಗಿನ ತಜ್ಞರೊಂದಿಗೆ ಸಂಪರ್ಕ ಇಟ್ಟುಕೊಳ್ಳಬೇಕು. ಎಲ್ಲ ಶಾಲೆಗೂ ನಾಳೆಯೇ ಆಗದಿದ್ದರೆ ಕ್ಲಸ್ಟರಿಗೆ ಒಬ್ಬರಿಂದ ಶುರುಮಾಡಲಿ, ವಾರಕ್ಕೊಂದು ದಿನ ಒಂದೊಂದು ಶಾಲೆಗೆ ಬರಲಿ. ಶಾಲಾ ಅಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಕೂರುವ ತಾಯಿತಂದೆಯರು ಇದನ್ನು ಕೇಳಿ, ನಡಾವಳಿಯಲ್ಲಿ ಬರೆಸಬೇಕು.

ಆಗದ ಮಾತು ಎನ್ನುವವರಿಗೆ ಒಂದು ನೆನಪು. ಶಾಲೆಯಲ್ಲಿ ಬೇಯಿಸಿದ ಊಟ ಕೊಡಿ ಎಂದು ಸುಪ್ರೀಂ ಕೋರ್ಟ್ ಆದೇಶಿಸಿದ್ದು 2001ರ ನವೆಂಬರಿನಲ್ಲಿ. ಮರುವರ್ಷವೇ ಕರ್ನಾಟಕದ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಶುರುವಾಯಿತು. ಇವತ್ತು ಮಧ್ಯಾಹ್ನವೂ ನಮ್ಮ ಶಾಲೆಯ ಗೇಟಿನ ಮುಂದೆ ಊಟದ ವ್ಯಾನು ಬಂದು ನಿಂತಿತು.