ವಿದ್ಯಾರ್ಥಿಯೂ ನಿದ್ರೆಯೂ

ವಿದ್ಯಾರ್ಥಿಗೆ ಇರಬೇಕಾದ ಐದು ಲಕ್ಷಣಗಳಲ್ಲಿ ಶ್ವಾನನಿದ್ರೆಯೂ ಒಂದೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಅದನ್ನು ‘ಕಡಿಮೆ ನಿದ್ರೆ’ ಎಂದು ಅರ್ಥಮಾಡಿಕೊಂಡವರಲ್ಲಿ ನಾನೂ ಒಬ್ಬ. ಸಂಜೆ 5ರಿಂದ ರಾತ್ರಿ 10ರವರೆಗೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ನನಗೆ ಓದಲು ಉಳಿಯುತ್ತಿದ್ದುದು ರಾತ್ರಿಯೊಂದೇ. ಕಳೆದ ವರ್ಷ ಅರ್ಥಶಾಸ್ತ್ರದ ಪರೀಕ್ಷೆಯ ಹಿಂದಿನ ರಾತ್ರಿ ಚಹ ಕುಡಿಯುತ್ತ ಬೆಳಗಾಗುವವರೆಗೂ ಓದಿದೆ. ಪ್ರಶ್ನಪತ್ರಿಕೆ ಕೈಗೆ ಬಂದಾಗ ಓದಿದ ಪುಟ ಕಣ್ಣಿಗೆ ಕಟ್ಟಿದಂತಿತ್ತು. ಅದರಲ್ಲಿದ್ದ ವಿಷಯ ಮಾತ್ರ ನೆನಪಿಗೆ ಬರಲಿಲ್ಲ. ಆ ಪರೀಕ್ಷೆಯನ್ನು ಮತ್ತೊಮ್ಮೆ ಬರೆಯಬೇಕಾಯಿತು. ಹೀಗೇಕಾಯಿತೆಂದು ವಿಚಾರಿಸಿದಾಗ ತಿಳಿದುಬಂದ ಸಂಗತಿಗಳನ್ನು ಮಿತ್ರರ ಮುಂದಿಡುತ್ತಿದ್ದೇನೆ.

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ ಎಂಬ ಮನಶ್ಶಾಸ್ತ್ರಜ್ಞರು ನಡೆಸಿದ ಒಂದು ಪ್ರಯೋಗದ ವಿವರ 1924ರಲ್ಲಿ ಪ್ರಕಟವಾಯಿತು. ಇಬ್ಬರು ವಿದ್ಯಾರ್ಥಿಗಳು ಅರ್ಥವಿಲ್ಲದ ಹತ್ತು ಹತ್ತು ಅಕ್ಷರಗುಂಪುಗಳನ್ನು ಬಾಯಿಪಾಠ ಮಾಡಿದರು. ಅನಂತರ ಎಂಟು ಗಂಟೆ ನಿದ್ರಿಸಿದಾಗ ಹತ್ತರಲ್ಲಿ ಐದಕ್ಕೂ ಹೆಚ್ಚು ನೆನಪಿನಲ್ಲಿ ಉಳಿದವು. ಅಷ್ಟೇ ಹೊತ್ತನ್ನು ಎಚ್ಚರದಲ್ಲಿ ಕಳೆದಾಗ ಉಳಿದುದು ಸುಮಾರು ಒಂದೇ. ಇದು ಇಬ್ಬರಿಂದ ಮಾತ್ರ ತಿಳಿದ ಮಾತಾದರೂ ಆಮೇಲೆ ನಡೆದ ಅನೇಕ ಪ್ರಯೋಗಗಳು ಇದಕ್ಕೆ ಪುಷ್ಟಿಕೊಟ್ಟಿವೆ. ಹಗಲು ಕಲಿತದ್ದನ್ನು ಮಿದುಳು ನಿದ್ರೆಯಲ್ಲಿ ಮತ್ತೆ ತಿರುವಿಹಾಕಿ ಗಟ್ಟಿಮಾಡಿಕೊಳ್ಳುತ್ತದೆ. ಅಂಗಡಿಯ ಮಾತಿನಲ್ಲಿ ಹೇಳುವುದಾದರೆ, ಕಿರ್ದಿಯಿಂದ ಖಾತೆಗೆ ಬರೆದುಕೊಳ್ಳುವ ಹೊತ್ತು ಅದು. ನಾನು ಆ ರಾತ್ರಿ ಕಿರ್ದಿ ಬರೆದೆ. ಖಾತೆಗೆ ಏರಿಸಲು ಬಿಡಲಿಲ್ಲ.

ಇನ್ನು ಚಹದ ಮಾತು. ಅದರಲ್ಲಿರುವ ಕೆಫೀನು ನಿದ್ರೆಯ ಸಾಲವನ್ನು ತೀರಿಸುವುದಿಲ್ಲ. ಸಾಲಗಾರನ ಕೂಗು ಕೇಳದಂತೆ ಬಾಗಿಲು ಮುಚ್ಚುತ್ತದೆ, ಅಷ್ಟೆ. ದೇಹದಲ್ಲಿ ಅದು ಅರ್ಧಕ್ಕಿಳಿಯಲು ಸಾಮಾನ್ಯವಾಗಿ ಸುಮಾರು ಐದು ಗಂಟೆ ಬೇಕು. ರಾತ್ರಿ 10ಕ್ಕೆ ಕುಡಿದುದರಲ್ಲಿ ಅರ್ಧದಷ್ಟು ಬೆಳಗಿನ ಜಾವ 3ಕ್ಕೂ ಉಳಿದಿರುತ್ತದೆ.

ನಮ್ಮ ವಯಸ್ಸಿನವರಿಗೆ ಏಳರಿಂದ ಒಂಬತ್ತು ಗಂಟೆ ನಿದ್ರೆ ಬೇಕೆಂಬುದು ವೈದ್ಯರ ಮತ. ದುಡಿದು ಓದುವವನಿಗೆ ಇದು ದುಬಾರಿಯೆನಿಸುವುದು ಸಹಜ. ನಾನು ಈಗ ರಾತ್ರಿ 11ಕ್ಕೆ ಮಲಗಿ ಬೆಳಿಗ್ಗೆ 6ಕ್ಕೆ ಏಳುತ್ತೇನೆ. ಬೆಳಿಗ್ಗೆ ಒಂದು ಗಂಟೆ, ಮಧ್ಯಾಹ್ನ ಗ್ರಂಥಾಲಯದಲ್ಲಿ ಒಂದು ಗಂಟೆ, ಮಲಗುವ ಮುನ್ನ ಅರ್ಧ ಗಂಟೆ — ಇಷ್ಟೇ ನನ್ನ ಓದು. ಭಾನುವಾರ ಮಾತ್ರ ಸ್ವಲ್ಪ ಹೆಚ್ಚು. ಮರುಪರೀಕ್ಷೆಯಲ್ಲಿ ಪ್ರಥಮ ದರ್ಜೆಯೇನೂ ಬರಲಿಲ್ಲ. ಆದರೆ ಓದಿದ್ದು ಕೈಕೊಡಲಿಲ್ಲ.

ಅಂದಹಾಗೆ, ನಾಯಿ ದಿನದ ಸುಮಾರು ಅರ್ಧಭಾಗವನ್ನು ನಿದ್ರೆಯಲ್ಲಿಯೇ ಕಳೆಯುತ್ತದೆಯಂತೆ! ಹಿರಿಯರು ಹೊಗಳಿದ್ದು ಕರೆದೊಡನೆ ಏಳುವ ಅದರ ಎಚ್ಚರವನ್ನು, ಜಾಗರಣೆಯನ್ನಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ಪುಸ್ತಕ ಮುಚ್ಚಿ ದೀಪ ಆರಿಸುವ ಗೆಳೆಯನನ್ನು ಸೋಮಾರಿಯೆನ್ನದಿರೋಣ. ಅವನ ಓದು ಇನ್ನೂ ನಡೆಯುತ್ತಿದೆ.