ಮಿದುಳಿನ ನೀರಗಂಟಿ

ತಲೆಗೆ ಭಾರಿ ಪೆಟ್ಟು ಬಿದ್ದು ಬದುಕುಳಿದವರ ಆರೈಕೆಯಲ್ಲಿ ಮನೆಮಂದಿಗೆ ಒಗಟಾಗಿ ಕಾಣುವ ಸಂಗತಿಯೊಂದುಂಟು. ರೋಗಿ ಕಣ್ಣು ತೆರೆದಿದ್ದಾನೆ, ಉಸಿರಾಟ ಸರಿಯಾಗಿದೆ, ಗಾಯ ಮಾಯುತ್ತಿದೆ. ಇನ್ನು ಎಬ್ಬಿಸಿ ಕೂಡಿಸಬಾರದೇಕೆ, ನಾಲ್ಕು ಹೆಜ್ಜೆ ನಡೆಸಬಾರದೇಕೆ ಎಂದು ನಾವು ಕೇಳುತ್ತೇವೆ. ಆಸ್ಪತ್ರೆಯವರಾದರೋ ಅವನನ್ನು ಹಲಗೆಯಂಥ ಮಂಚಕ್ಕೆ ಪಟ್ಟಿಗಳಿಂದ ಬಿಗಿದು, ತಲೆಯ ಕಡೆಯನ್ನು ಅಷ್ಟಷ್ಟೇ ಮೇಲೆತ್ತಿ, ಮತ್ತೆ ಮತ್ತೆ ರಕ್ತದ ಒತ್ತಡ ನೋಡಿ, ಸ್ವಲ್ಪ ಹೊತ್ತಿಗೆಲ್ಲ ಪುನಃ ಮಲಗಿಸಿಬಿಡುತ್ತಾರೆ. ಕೂಡಿಸುವುದಕ್ಕೆ ಇಷ್ಟೊಂದು ಸಿದ್ಧತೆಯೇ ಎನ್ನಿಸುವುದು ಸಹಜ. ಆ ನಿಧಾನಕ್ಕೆ ಕಾರಣ ಮಿದುಳಿಗೆ ಹರಿಯುವ ರಕ್ತದಲ್ಲಿದೆ.

ಮಿದುಳಿನ ತೂಕ ಒಟ್ಟು ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲು ಮಾತ್ರ. ಆದರೆ ನಾವು ಸುಮ್ಮನೆ ಕುಳಿತಿರುವಾಗಲೂ ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು ಐದನೆಯ ಒಂದು ಪಾಲು ಅದಕ್ಕೇ ಬೇಕು. ಹೃದಯ ನಿಮಿಷಕ್ಕೆ ಸುಮಾರು ೫ ಲೀಟರು ರಕ್ತವನ್ನು ಹೊರದೂಡಿದರೆ, ಅದರಲ್ಲಿ ಮುಕ್ಕಾಲು ಲೀಟರಿನಷ್ಟು ಮಿದುಳಿಗೆ ಹೋಗುತ್ತದೆ. ಇಷ್ಟು ಉಂಡರೂ ಮಿದುಳಿಗೆ ಕಣಜವೆಂಬುದಿಲ್ಲ. ಅಂದಂದಿನ ದುಡಿಮೆಯಿಂದ ಹೊಟ್ಟೆ ಹೊರೆಯುವವನ ಸಂಸಾರದಂತೆ ಅದರ ಪಾಡು. ರಕ್ತದ ಹರಿವು ಪೂರ್ತಿ ನಿಂತರೆ ಹತ್ತು ಸೆಕೆಂಡುಗಳ ಸುಮಾರಿನಲ್ಲಿ ಎಚ್ಚರ ತಪ್ಪುತ್ತದೆ. ಕೆಲವೇ ನಿಮಿಷಗಳಲ್ಲಿ ನರಕಣಗಳು ಸಾಯತೊಡಗುತ್ತವೆ.

ಹೀಗಿರುವಾಗ ಹರಿವು ಒಂದೇ ಸಮನಾಗಿರಬೇಕು ತಾನೆ? ಆದರೆ ನಮ್ಮ ರಕ್ತದ ಒತ್ತಡ ದಿನವಿಡೀ ಏರಿಳಿಯುತ್ತಲೇ ಇರುತ್ತದೆ. ಇಲ್ಲಿ ಕೆರೆಯ ನೀರಗಂಟಿಯನ್ನು ನೆನೆಯಿರಿ. ಕೆರೆ ತುಂಬಿದಾಗ ತೂಬನ್ನು ಕಿರಿದು ಮಾಡಿ, ನೀರು ಇಳಿದಾಗ ಹಿರಿದು ಮಾಡಿ, ಗದ್ದೆಗೆ ಬೇಕಾದಷ್ಟೇ ನೀರು ಹಾಯುವಂತೆ ಅವನು ನೋಡಿಕೊಳ್ಳುತ್ತಾನೆ. ಮಿದುಳಿನ ಸಣ್ಣ ಧಮನಿಗಳು ಮಾಡುವುದೂ ಇದೇ ಕೆಲಸ. ಒತ್ತಡ ಏರಿದರೆ ಅವು ಸಂಕುಚಿಸುತ್ತವೆ, ಇಳಿದರೆ ಹಿಗ್ಗುತ್ತವೆ. ಅಮೆರಿಕದ ಕೇಟಿ ಮತ್ತು ಸ್ಮಿಟ್ ಎಂಬವರು ೧೯೪೫ರಲ್ಲಿ, ನಗೆ ಅನಿಲವೆಂದು ಹೆಸರಾದ ನೈಟ್ರಸ್ ಆಕ್ಸೈಡನ್ನು ಅಲ್ಪ ಪ್ರಮಾಣದಲ್ಲಿ ಉಸಿರಾಡಿಸಿ, ಮನುಷ್ಯನ ಮಿದುಳಿಗೆ ಎಷ್ಟು ರಕ್ತ ಹರಿಯುತ್ತದೆಂದು ಅಳೆಯುವ ದಾರಿ ತೋರಿದರು. ಒತ್ತಡ ಸಾಕಷ್ಟು ಏರಿಳಿದರೂ ಹರಿವು ಹೆಚ್ಚು ಕಡಮೆ ಅಷ್ಟೇ ಇರುತ್ತದೆ ಎಂಬುದನ್ನು ಡೆನ್ಮಾರ್ಕಿನ ಲಾಸೆನ್ ೧೯೫೯ರಲ್ಲಿ ಸ್ಪಷ್ಟಪಡಿಸಿದರು.

ಈ ನೀರಗಂಟಿಗೆ ಇನ್ನೊಂದು ಜಾಣತನವೂ ಉಂಟು. ಮಿದುಳಿನ ಯಾವ ಭಾಗ ದುಡಿಯುತ್ತದೆಯೋ ಅಲ್ಲಿಗೆ ಒಂದಿಷ್ಟು ಹೆಚ್ಚು ರಕ್ತವನ್ನು ತಿರುಗಿಸುತ್ತಾನೆ. ಇದರ ಮೊದಲ ಸುಳಿವು ಸಿಕ್ಕಿದ್ದು ತಲೆಗೆ ಪೆಟ್ಟು ತಿಂದ ರೈತನೊಬ್ಬನಿಂದಲೇ. ೧೮೮೦ರ ಸುಮಾರಿನಲ್ಲಿ ಇಟಲಿಯ ಟ್ಯೂರಿನ್ ನಗರದಲ್ಲಿದ್ದ ಶರೀರಶಾಸ್ತ್ರಜ್ಞ ಆಂಜೆಲೊ ಮೊಸ್ಸೊ, ಬರ್ಟಿನೊ ಎಂಬ ರೈತನನ್ನು ಪರೀಕ್ಷಿಸಿದರು. ಮೇಲಿನಿಂದ ಇಟ್ಟಿಗೆ ಬಿದ್ದು ಅವನ ತಲೆಬುರುಡೆಯಲ್ಲಿ ತೂತಾಗಿತ್ತು. ಆ ಜಾಗದಲ್ಲಿ ಮಿದುಳಿನ ಮಿಡಿತ ಕಾಣುತ್ತಿತ್ತು. ಮಧ್ಯಾಹ್ನದ ಇಗರ್ಜಿಯ ಗಂಟೆ ಕೇಳಿದಾಗ, ಪ್ರಾರ್ಥನೆಯ ನೆನಪು ಬಂದಾಗ, ೮ನ್ನು ೧೨ರಿಂದ ಗುಣಿಸೆಂದಾಗ, ಆ ಮಿಡಿತ ಹೆಚ್ಚುತ್ತಿತ್ತು. ತೋಳಿನ ನಾಡಿ ಮಾತ್ರ ಮೊದಲಿನಂತೆಯೇ ಇತ್ತು. ಮುಂದೆ ೧೮೯೦ರಲ್ಲಿ ಇಂಗ್ಲೆಂಡಿನ ರಾಯ್ ಮತ್ತು ಶೆರಿಂಗ್ಟನ್, ಮಿದುಳು ತನ್ನ ಕೆಲಸಕ್ಕೆ ತಕ್ಕಂತೆ ರಕ್ತವನ್ನು ಪಡೆಯುತ್ತದೆಂಬ ವಾದವನ್ನು ಮುಂದಿಟ್ಟರು.

ಈಗ ಭಾರಿ ಪೆಟ್ಟು ಬಿದ್ದಾಗ ಏನಾಗುತ್ತದೆ, ನೋಡೋಣ. ತಲೆಬುರುಡೆ ಮುಚ್ಚಿದ ಗಟ್ಟಿ ಕರಡಿಗೆ. ಒಳಗೆ ಮಿದುಳು ಬಾತುಕೊಂಡರೆ, ಇಲ್ಲವೆ ರಕ್ತ ಹೆಪ್ಪುಗಟ್ಟಿದರೆ, ಹಿಗ್ಗುವುದಕ್ಕೆ ಎಡೆಯಿಲ್ಲ. ಒಳಗಿನ ಒತ್ತಡ ಏರುತ್ತದೆ. ಹೃದಯದಿಂದ ಬರುವ ರಕ್ತ ಈ ಒತ್ತಡವನ್ನು ಎದುರಿಸಿಯೇ ಒಳಹೋಗಬೇಕು. ಜತೆಗೆ ನೀರಗಂಟಿಯೇ ಪೆಟ್ಟು ತಿಂದಿರುತ್ತಾನೆ. ಹಲವರಲ್ಲಿ ಮೊದಲ ದಿನ ಹರಿವು ಕುಗ್ಗಿ, ಮರುದಿನಗಳಲ್ಲಿ ಅತಿಯಾಗಿ, ಅನಂತರ ಧಮನಿಗಳು ಸೆಟೆದುಕೊಂಡು ಮತ್ತೆ ತಗ್ಗುವುದುಂಟು. ತೂಬು ಹಿಡಿತ ತಪ್ಪಿದ ಮೇಲೆ ಕೆರೆಯ ಮಟ್ಟ ಹೇಗೋ ಗದ್ದೆಯ ನೀರೂ ಹಾಗೆ. ರಕ್ತದ ಒತ್ತಡ ಇಳಿದರೆ ಮಿದುಳಿನ ಹರಿವೂ ಇಳಿಯುತ್ತದೆ. ಗಾಯಗೊಂಡ ಭಾಗಕ್ಕೆ ಅದು ಎರಡನೆಯ ಪೆಟ್ಟು. ಈ ಹಿಡಿತ ಮರಳುವುದಕ್ಕೆ ಕೆಲವರಿಗೆ ದಿನಗಳು ಸಾಕು, ಕೆಲವರಿಗೆ ವಾರಗಳೇ ಬೇಕು.

ಇಂಥವನನ್ನು ಎಬ್ಬಿಸಿ ನಿಲ್ಲಿಸಿದಿರೆನ್ನಿ. ನಿಮ್ಮಲ್ಲಾಗಲಿ ನನ್ನಲ್ಲಾಗಲಿ, ಮಲಗಿದವರು ಎದ್ದು ನಿಂತೊಡನೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಕಾಲಿಗೂ ಕಿಬ್ಬೊಟ್ಟೆಗೂ ಇಳಿಯುತ್ತದೆ. ಕತ್ತಿನ ದೊಡ್ಡ ಧಮನಿಯಲ್ಲಿರುವ ಒತ್ತಡದ ಕಾವಲುಗಾರರು ಕೂಡಲೇ ಇದನ್ನರಿತು ಸುದ್ದಿ ಕಳಿಸುತ್ತಾರೆ. ಹೃದಯ ಬಿರುಸಾಗುತ್ತದೆ, ಕಾಲಿನ ರಕ್ತನಾಳಗಳು ಬಿಗಿಯುತ್ತವೆ. ನಮಗೆ ಗೊತ್ತೇ ಆಗುವುದಿಲ್ಲ. ವಾರಗಟ್ಟಲೆ ಮಲಗಿದವರಲ್ಲಿ ಈ ಅಭ್ಯಾಸ ಸಡಿಲವಾಗಿರುತ್ತದೆ; ಕಾಲಿನ ಸ್ನಾಯುಗಳೂ ಸೊರಗಿರುತ್ತವೆ. ಒಂದೆಡೆ ಕೆರೆಯ ಮಟ್ಟ ಇಳಿಯಿತು, ಇನ್ನೊಂದೆಡೆ ತೂಬಿನವನಿಗೆ ಮೈ ಸರಿಯಿಲ್ಲ. ಮಂಚವನ್ನು ಅಂಶ ಅಂಶವಾಗಿ ಮೇಲೆತ್ತುವುದು ಇದಕ್ಕಾಗಿಯೇ. ಟಿಲ್ಟ್ ಟೇಬಲ್ ಎಂಬ ಆ ಮಂಚದ ಕೆಲವು ಬಗೆಗಳಲ್ಲಿ, ಓರೆಯಾಗಿ ನಿಂತಿರುವಾಗಲೇ ಕಾಲುಗಳನ್ನು ಹೆಜ್ಜೆಯಿಡುವಂತೆ ಆಡಿಸುವ ಯಂತ್ರವೂ ಇರುತ್ತದೆ. ಮೀನಖಂಡ ಆಡಿದರೆ ರಕ್ತ ಮೇಲಕ್ಕೆ ಒತ್ತಲ್ಪಡುತ್ತದೆ. ಕಪೋಲದ ಮೇಲ್ಗಡೆಯ ತೆಳು ಎಲುಬಿನ ಮೂಲಕ ಕಿವಿಗೆ ಕೇಳದ ಶಬ್ದತರಂಗಗಳನ್ನು ಕಳಿಸಿ, ಮಿದುಳಿನ ಧಮನಿಯಲ್ಲಿ ರಕ್ತದ ವೇಗವನ್ನು ನೋಯಿಸದೆ ತಿಳಿಯುವ ವಿಧಾನವನ್ನು ರೂನೆ ಆಸ್ಲಿಡ್ ಎಂಬವರು ೧೯೮೨ರಲ್ಲಿ ಬಳಕೆಗೆ ತಂದರು.

ಹಾಗಾದರೆ ಮಲಗಿಸಿಯೇ ಇಡುವುದು ಕ್ಷೇಮವಲ್ಲವೆ ಎಂದು ನೀವು ಕೇಳಬಹುದು. ಅಲ್ಲ. ಮಲಗಿದಲ್ಲೇ ಮಲಗಿದ್ದರೆ ಬೆನ್ನು ಹುಣ್ಣಾಗುತ್ತದೆ, ಎದೆಯಲ್ಲಿ ಕಫ ಕಟ್ಟುತ್ತದೆ, ಕೀಲು ಬಿಗಿಯುತ್ತದೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯವುಂಟು. ಅಳತೆ ತಿಳಿಯುವುದೇ ಇಲ್ಲಿಯ ಕಷ್ಟ. ಪಾರ್ಶ್ವವಾಯು ಬಡಿದ ೨,೧೦೪ ಮಂದಿಯನ್ನು ಐದು ದೇಶಗಳಲ್ಲಿ ಗಮನಿಸಿದ ದೊಡ್ಡ ಪರೀಕ್ಷೆಯೊಂದರ ಫಲಿತಾಂಶ ೨೦೧೫ರಲ್ಲಿ ಪ್ರಕಟವಾಯಿತು. ಮೊದಲ ೨೪ ಗಂಟೆಗಳೊಳಗೇ ಎಬ್ಬಿಸಿ, ಹೆಚ್ಚು ಹೆಚ್ಚು ನಡೆದಾಡಿಸಿದವರ ಪೈಕಿ ಮೂರು ತಿಂಗಳ ಮೇಲೆ ಚೆನ್ನಾಗಿ ಚೇತರಿಸಿಕೊಂಡವರ ಪ್ರಮಾಣ, ಮಾಮೂಲು ಆರೈಕೆ ಪಡೆದವರಿಗಿಂತ ಕಡಮೆಯಾಗಿತ್ತು. ಅದೇ ಪರೀಕ್ಷೆಯ ಅಂಕಿಅಂಶಗಳನ್ನು ಮತ್ತೆ ಪರಿಶೀಲಿಸಿದಾಗ, ಒಮ್ಮೆಲೇ ಬಹಳ ಹೊತ್ತು ಎಬ್ಬಿಸುವುದಕ್ಕಿಂತ ಕೊಂಚ ಕೊಂಚವಾಗಿ ಹಲವು ಬಾರಿ ಎಬ್ಬಿಸುವುದು ಮೇಲೆಂದು ತೋರಿತು. ಪಾರ್ಶ್ವವಾಯುವಿನ ಮಾತು ತಲೆಪೆಟ್ಟಿಗೆ ಅಕ್ಷರಶಃ ಒಪ್ಪದಿರಬಹುದು. ಆದರೆ ಆತುರವೇ ಆರೈಕೆಯಲ್ಲ ಎಂಬ ಎಚ್ಚರಿಕೆ ಎರಡಕ್ಕೂ ಸಲ್ಲುತ್ತದೆ.

ರೋಗಿ ಮನೆಗೆ ಬಂದ ಮೇಲೆ ಈ ತಿಳಿವಳಿಕೆ ನಿಮ್ಮ ಕೈಗೆ ಬರುತ್ತದೆ. ವೈದ್ಯರು ಹೇಳಿದ ಕ್ರಮವನ್ನು ಬಿಡಬೇಡಿ. ಮೊದಲು ದಿಂಬಿಟ್ಟು ತಲೆ ಎತ್ತರಿಸಿ. ಸ್ವಲ್ಪ ತಡೆದು ಕೂಡಿಸಿ. ಕಾಲು ಇಳಿಬಿಟ್ಟು ಕೊಂಚ ಹೊತ್ತು ಕುಳಿತಿರಲಿ. ಆಮೇಲೆ ಆಸರೆಯೊಡನೆ ನಿಲ್ಲಲಿ. ಹೊಟ್ಟೆ ತುಂಬ ಉಂಡ ಮೇಲೆ, ಬಿಸಿನೀರ ಸ್ನಾನವಾದ ಮೇಲೆ ಒತ್ತಡ ಇಳಿಯುವುದುಂಟಾದ್ದರಿಂದ ಆಗ ಇನ್ನೂ ಜೋಕೆ. ಮಾತು ಬಾರದವನು ತಲೆ ಸುತ್ತುತ್ತದೆಂದು ಹೇಳಲಾರ. ಮುಖ ಬಿಳಿಚಿಕೊಂಡರೆ, ಬೆವರಿದರೆ, ಪದೇ ಪದೇ ಆಕಳಿಸಿದರೆ, ಇದ್ದಕ್ಕಿದ್ದಂತೆ ಕಣ್ಣು ತೇಲಿಸಿ ಮಂಕಾದರೆ, ಅದನ್ನು ಸೋಮಾರಿತನವೆಂದಾಗಲಿ ಹಟವೆಂದಾಗಲಿ ಬಗೆದು ಗದರಿಸಬೇಡಿ. ಮೆಲ್ಲಗೆ ಮಲಗಿಸಿ, ವೈದ್ಯರಿಗೆ ತಿಳಿಸಿ. ಬೇಗ ತಿಳಿಯಾಗದಿದ್ದರೆ ಆಸ್ಪತ್ರೆಗೆ ಕರೆದೊಯ್ಯಿರಿ.

ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇಂಥವರ ಪುನಶ್ಚೇತನಕ್ಕಾಗಿಯೇ ಪ್ರತ್ಯೇಕ ವಿಭಾಗವಿದೆ. ಅಲ್ಲಿಯೂ ಬೇರೆಡೆಗಳಲ್ಲಿಯೂ ಈ ಕೆಲಸ ನಡೆಯುವುದು ತಿಂಗಳುಗಳ ಲೆಕ್ಕದಲ್ಲಿ. ನಿನ್ನೆ ಐದು ನಿಮಿಷ ಕುಳಿತವನು ಇಂದು ಏಳು ನಿಮಿಷ ಕುಳಿತನೆಂದರೆ, ನೋಡುವವರಿಗೆ ಅದು ಅಲ್ಪ. ಒಳಗೆ ಮಾತ್ರ ಹೃದಯವೂ ರಕ್ತನಾಳಗಳೂ ಬಿಟ್ಟುಹೋದ ಕೆಲಸವನ್ನು ಮತ್ತೆ ಕಲಿಯುತ್ತಿವೆ. ಆ ಎರಡು ನಿಮಿಷಗಳನ್ನು ಗುರುತಿಸಿ ಸಂತೋಷಪಡುವವರು ಮನೆಯಲ್ಲಿದ್ದರೆ ರೋಗಿಗೆ ಅದಕ್ಕಿಂತ ದೊಡ್ಡ ಆಸರೆ ಬೇರಿಲ್ಲ.