ಗೋರಿಯ ಮೇಲಿನ ಮರ ಅಮ್ಮನಲ್ಲ

ಕಥೆಯಲ್ಲಿ ಅಪ್ಪನೋ ಅಮ್ಮನೋ ತೀರಿಕೊಂಡು, ಎರಡು ಪುಟ ಕಳೆಯುವುದರೊಳಗೆ ಒಂದು ಮರ ಬಂತೆಂದರೆ ಓದುಗ ನಿರಾಳ: ಸರಿ, ಮರವೇ ಅಮ್ಮ. ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಇಷ್ಟು ಸಾಕು. ಸಾವಕಾಶವಾಗಿ ಓದಿದರೆ ಮಾತ್ರ ಮರ ಹೋದವರ ಜಾಗ ತುಂಬುವುದು ಅಪರೂಪ ಎಂದು ಕಾಣುತ್ತದೆ. ಮಗು ಆ ಮರಕ್ಕಾಗಿ ಏನು ಮಾಡುತ್ತದೆ, ಅದನ್ನು ಕಡಿಯಲು ಯಾರು ಬರುತ್ತಾರೆ ಎಂಬಲ್ಲೇ ಕಥೆ ಇರುವುದು.

ತಪ್ಪು ಕಲ್ಪನೆ: ಸಿಂಡ್ರೆಲಾಳಿಗೆ ನೆರವಾದವಳು ಕಿನ್ನರಿ; ಆ ಕಥೆಯಲ್ಲಿ ಮರವೇ ಇಲ್ಲ.

ಕಿನ್ನರಿ, ಕುಂಬಳಕಾಯಿ, ಗಾಜಿನ ಪಾದರಕ್ಷೆ ಇವೆಲ್ಲ ಫ್ರಾನ್ಸಿನ ಶಾರ್ಲ್ ಪೆರೋ 1697ರಲ್ಲಿ ಪ್ರಕಟಿಸಿದ ಕಥೆಯವು. 1950ರ ಡಿಸ್ನಿ ಚಿತ್ರ ಅದನ್ನೇ ಹಿಡಿಯಿತು, ನಮ್ಮ ಮಕ್ಕಳಿಗೂ ಅದೇ ಬಂತು. ಜರ್ಮನಿಯ ಗ್ರಿಮ್ ಸೋದರರ ಕಥೆ ಬೇರೆ. ಅಲ್ಲಿ ಅಪ್ಪ ಜಾತ್ರೆಗೆ ಹೊರಟಾಗ ಮಲತಾಯಿಯ ಮಕ್ಕಳಿಬ್ಬರೂ ಒಳ್ಳೆಯ ಬಟ್ಟೆ, ಮುತ್ತು-ರತ್ನ ಕೇಳುತ್ತಾರೆ. ಇವಳು ಕೇಳುವುದು, ವಾಪಸ್ ಬರುವ ದಾರಿಯಲ್ಲಿ ಅವನ ಟೋಪಿಗೆ ಮೊದಲು ತಗಲುವ ಕಡ್ಡಿಯನ್ನು. ತಗಲಿದ್ದು ಹೇಝಲ್ ಗಿಡದ ಕಡ್ಡಿ. ಈಗ ಚಾಕೊಲೇಟಿನೊಳಗೆ ಸಿಗುವ ಬೀಜದ ಗಿಡವೇ ಅದು. ಅದನ್ನು ಅಮ್ಮನ ಗೋರಿಯ ಮೇಲೆ ನೆಟ್ಟು ಅತ್ತಾಗ ಕಣ್ಣೀರೇ ಅದಕ್ಕೆ ನೀರಾಗುತ್ತದೆ. ದಿನಕ್ಕೆ ಮೂರು ಸಲ ಅಲ್ಲಿಗೆ ಹೋಗಿ ಕೂರುತ್ತಾಳೆ. ಗಿಡ ಮರವಾಗಿ, ಅದರ ಮೇಲೆ ಬಂದು ಕೂರುವ ಬಿಳಿ ಹಕ್ಕಿ ಅವಳು ಬೇಡಿದ್ದನ್ನು ಕೆಳಗೆ ಹಾಕುತ್ತದೆ.

ಈ ಕಡ್ಡಿ ಕಥೆಯೊಳಗೆ ಬಂದದ್ದು ತಡವಾಗಿ. 1812ರ ಮೊದಲ ಮುದ್ರಣದಲ್ಲಿ ಸಾಯುವ ತಾಯಿಯೇ ಗೋರಿಯ ಮೇಲೊಂದು ಗಿಡ ನೆಡು, ಏನಾದರೂ ಬೇಕಾದಾಗ ಅಲ್ಲಾಡಿಸು ಎಂದು ಹೇಳಿ ಕಣ್ಣು ಮುಚ್ಚುತ್ತಾಳೆ. 1819ರ ಮುದ್ರಣದಲ್ಲಿ ಆ ಅಪ್ಪಣೆ ಇಲ್ಲ. ನೆಡಬೇಕೆಂದು ಹುಡುಗಿಗೆ ತಾನಾಗಿ ತೋಚಬೇಕು, ತಾನೇ ಸಾಕಬೇಕು. ನನಗೆ ಈ ತಿದ್ದುಪಡಿಯೇ ಹೆಚ್ಚು ಇಷ್ಟ. ಮೊದಲನೆಯದರಲ್ಲಿ ಮರ ಅಮ್ಮ ಬಿಟ್ಟುಹೋದ ಆಸ್ತಿ. ಎರಡನೆಯದರಲ್ಲಿ ಮಗಳ ದುಡಿಮೆ.

ಅಂದಹಾಗೆ, ಡಿಸ್ನಿಯಲ್ಲಿ ಅಪ್ಪ ಸತ್ತಿದ್ದಾನೆ. ಗ್ರಿಮ್ ಕಥೆಯಲ್ಲಿ ಬದುಕಿಯೇ ಇದ್ದಾನೆ. ಮಗಳು ಬೂದಿಯಲ್ಲಿ ಮಲಗುವುದನ್ನು ನೋಡಿಯೂ ಸುಮ್ಮನಿರುತ್ತಾನೆ. ಮುಂದೆ ಅವಳು ಅಡಗಿರಬಹುದೆಂಬ ಗುಮಾನಿಯ ಮೇಲೆ ಮರಸೇಬಿನ ಮರವೊಂದನ್ನು ಕಡಿದೂ ಹಾಕುತ್ತಾನೆ. ಆ ಹುಡುಗಿ ನಿಜವಾಗಿ ಕಳೆದುಕೊಂಡದ್ದು ಅವನನ್ನೇ ಇರಬೇಕು.

ತಪ್ಪು ಕಲ್ಪನೆ: ಇಂಥ ಮರ ಇರುವುದು ಕಣ್ಣೀರು ಒರೆಸುವುದಕ್ಕೆ.

ಗ್ರಿಮ್ ಸಂಗ್ರಹದಲ್ಲೇ ಇರುವ ಜುನಿಪರ್ ಮರದ ಕಥೆಯನ್ನು ಓದಿ. ಅದನ್ನು ಬರೆದುಕೊಟ್ಟವನು ಚಿತ್ರಕಾರ ಫಿಲಿಪ್ ಓಟೋ ರುಂಗೆ. ಮಗ ಹುಟ್ಟಿದ ಸಂತೋಷದಲ್ಲೇ ಸತ್ತ ತಾಯಿಯನ್ನು ಮರದ ಬುಡದಲ್ಲಿ ಹೂಳುತ್ತಾರೆ. ಮಲತಾಯಿ ಆ ಮಗನನ್ನು ಕೊಂದು, ಬೇಯಿಸಿ, ಗಂಡನಿಗೇ ಬಡಿಸುತ್ತಾಳೆ. ಅಳುತ್ತ ಮೂಳೆಗಳನ್ನು ಆಯ್ದು ರೇಷ್ಮೆ ಬಟ್ಟೆಯಲ್ಲಿ ಕಟ್ಟಿ ಮರದಡಿ ಇಡುವವಳು ತಂಗಿ, ಅದೇ ಮಲತಾಯಿಯ ಮಗಳು. ಆಗ ಮರದಿಂದ ಹಾರುವ ಹಕ್ಕಿ ಕೊನೆಗೆ ಬೀಸುವ ಕಲ್ಲನ್ನೇ ತಂದು ಕೊಲೆಗಾತಿಯ ತಲೆಯ ಮೇಲೆ ಬೀಳಿಸುತ್ತದೆ. ಅದನ್ನು ಸಾಂತ್ವನ ಎಂದು ಕರೆಯಲು ಧೈರ್ಯ ಬೇಕು.

ತಪ್ಪು ಕಲ್ಪನೆ: ಮರ ಯಾವತ್ತೂ ತಾಯಿಯೇ.

ಆಸ್ಟ್ರೇಲಿಯದ ಜೂಡಿ ಪ್ಯಾಸ್ಕೋ 2002ರಲ್ಲಿ ಬರೆದ ಕಾದಂಬರಿಯಲ್ಲಿ ಸಿಮೋನ್ ಎಂಬ ಹುಡುಗಿಗೆ ಹಿತ್ತಲ ಮರದೊಳಗಿಂದ ಅಪ್ಪನ ದನಿ ಕೇಳುತ್ತದೆ. ಫ್ರೆಂಚ್ ನಿರ್ದೇಶಕಿ ಜೂಲಿ ಬರ್ತುಚೆಲ್ಲಿ ಅದನ್ನು 'ದಿ ಟ್ರೀ' ಎಂದು ಚಿತ್ರ ಮಾಡಿದರು. 2010ರ ಕಾನ್ ಚಿತ್ರೋತ್ಸವ ಮುಗಿದದ್ದು ಅದರ ಪ್ರದರ್ಶನದೊಂದಿಗೆ. ಚಿತ್ರದ ಮರ ಮೋರ್ಟನ್ ಬೇ ಫಿಗ್, ನಮ್ಮ ಆಲ, ಅತ್ತಿ, ಅರಳಿಗಳ ದಾಯಾದಿ. ಮನೆಯ ಪಕ್ಕದಲ್ಲಿ ಆಲದ ಮರ ಇದ್ದವರಿಗೆ ಮುಂದಿನದನ್ನು ಹೇಳಬೇಕಿಲ್ಲ. ಬೇರು ನೆಲದಡಿ ನುಗ್ಗಿ ಕೊಳವೆಗಳನ್ನು ಒಡೆಯುತ್ತದೆ, ಕೊಂಬೆ ಮುರಿದು ಮಲಗುವ ಕೋಣೆಗೇ ಬೀಳುತ್ತದೆ. ವಿಧವೆ ತಾಯಿ ಆ ಕೊಂಬೆಯ ಪಕ್ಕದಲ್ಲೇ ಮಲಗುತ್ತಾಳೆ. ಮರ ಕಡಿಸಲು ಹೊರಟಾಗ ಮಗಳು ಹತ್ತಿ ಕುಳಿತು ಇಳಿಯುವುದಿಲ್ಲ. ಸತ್ತವರನ್ನು ಮನೆಯಲ್ಲೇ ಉಳಿಸಿಕೊಂಡರೆ ಗೋಡೆ ಬಿರುಕು ಬಿಡುತ್ತದೆ ಎಂಬುದನ್ನು ಚಿತ್ರ ಭಾಷಣವಿಲ್ಲದೆ, ಕೊಳಾಯಿ ರಿಪೇರಿಯ ಮಟ್ಟದಲ್ಲಿ ತೋರಿಸುತ್ತದೆ.

ತಪ್ಪು ಕಲ್ಪನೆ: 'ಎ ಮಾನ್‌ಸ್ಟರ್ ಕಾಲ್ಸ್' ಕಾದಂಬರಿಯ ಮರ ತಾಯಿಯನ್ನು ಉಳಿಸಲು ಬರುತ್ತದೆ.

ಹುಡುಗ ಕಾನರ್ ನಂಬುವುದು ಹಾಗೆಯೇ. ಸ್ತನ ಕ್ಯಾನ್ಸರ್‌ನಿಂದ 2007ರಲ್ಲಿ ತೀರಿಕೊಂಡ ಲೇಖಕಿ ಶಿವಾನ್ ಡೌಡ್ ಬಿಟ್ಟುಹೋದ ಎಳೆಯಿಂದ ಪ್ಯಾಟ್ರಿಕ್ ನೆಸ್ 2011ರಲ್ಲಿ ಬರೆದ ಕಾದಂಬರಿ ಇದು. ಇಲ್ಲಿಯದು ಯೂ ಮರ. ಇಂಗ್ಲೆಂಡಿನ ಚರ್ಚ್ ಸ್ಮಶಾನಗಳಲ್ಲಿ ಸಾಮಾನ್ಯ, ಎಲೆಯೂ ಬೀಜವೂ ವಿಷ. ಯೂ ಜಾತಿಯ ಮರದಿಂದಲೇ ಕ್ಯಾನ್ಸರ್ ಔಷಧಿ ಪ್ಯಾಕ್ಲಿಟ್ಯಾಕ್ಸೆಲ್ ದೊರೆತದ್ದೂ ನಿಜ; ಅಮೆರಿಕದಲ್ಲಿ ಅದಕ್ಕೆ 1992ರಲ್ಲಿ ಮಂಜೂರಾತಿ ಸಿಕ್ಕಿತು. ಕಾನರ್‌ನ ತಾಯಿಗೂ ಯೂ ಮರದ ಔಷಧಿ ಕೊಡುತ್ತಾರೆ, ನಾಟುವುದಿಲ್ಲ. ಮರ ಬಂದದ್ದು ಅವನಿಗಾಗಿ. ಈ ಕಾಯುವಿಕೆ ಬೇಗ ಮುಗಿದರೆ ಸಾಕು ಎಂದು ಒಳಗೊಳಗೇ ಬಯಸಿದ್ದನ್ನು ಅವನ ಬಾಯಿಂದಲೇ ಹೇಳಿಸುವ ತನಕ ಅದು ಬಿಡುವುದಿಲ್ಲ.

ತಪ್ಪು ಕಲ್ಪನೆ: ಇವೆಲ್ಲ ಪರದೇಶದ ಸರಕು.

1868ರಲ್ಲಿ ಮೇರಿ ಫ್ರೇರ್ ಪ್ರಕಟಿಸಿದ 'ಓಲ್ಡ್ ಡೆಕ್ಕನ್ ಡೇಸ್' ಸಂಗ್ರಹದ ಮೊದಲ ಕಥೆ ಪಂಚ್ಕಿನ್. ಏಳು ರಾಜಕುಮಾರಿಯರು ಮಲತಾಯಿಯ ಕಾಟಕ್ಕೆ ಹಸಿದು ತಾಯಿಯ ಗೋರಿಯ ಬಳಿ ಅಳುತ್ತಾರೆ. ಗೋರಿಯಿಂದ ಚಕ್ಕೋತದ ಮರ ಎದ್ದು ಹಣ್ಣು ಕೊಡುತ್ತದೆ. ಗುಟ್ಟು ತಿಳಿದ ರಾಣಿ ತಲೆನೋವೆಂದು ಮಲಗಿ, ಆ ಮರವನ್ನು ಬೇರುಸಹಿತ ಕಿತ್ತು ಕುದಿಸಿ, ಆ ನೀರನ್ನು ಹಣೆಗೆ ಹಚ್ಚಿದರೆ ಮಾತ್ರ ವಾಸಿ ಎನ್ನುತ್ತಾಳೆ. ರಾಜ ಕೀಳಿಸುತ್ತಾನೆ. ಇಲ್ಲೂ ಅಪ್ಪ ಬದುಕಿದ್ದಾನೆ, ನೋಡಿ.

ಕಥೆ ಹೇಳಿದವರು ಫ್ರೇರ್ ಮನೆಯ ಆಯಾ, ಆನಾ ಲಿಬೆರಾತಾ ಡಿಸೋಜ. ತನ್ನ ಅಜ್ಜನ ಮನೆತನ ಲಿಂಗಾಯತರದು, ಗೋವೆಯ ಹತ್ತಿರ ನೆಲೆಸಿ ಕ್ರೈಸ್ತರಾದರು ಎಂದು ಆಕೆ ಅದೇ ಪುಸ್ತಕದಲ್ಲಿ ಹೇಳಿಕೊಂಡಿದ್ದಾರೆ. ಎರಡೂ ಕಡೆಯವರು ಹೂಳುವವರೇ. ಇದು ನನ್ನ ಊಹೆ, ಪುರಾವೆ ಕೇಳಬೇಡಿ: ರಾಣಿಯ ಕಥೆಯೊಳಗೆ ಗೋರಿ ಬಂದದ್ದು ಆ ದಾರಿಯಿಂದ ಇರಬಹುದು. ಸುಡುವ ಮನೆತನದ ಅಜ್ಜಿ ಹೇಳಿದ್ದರೆ ಚಕ್ಕೋತದ ಮರಕ್ಕೆ ಬೇರೆ ಜಾಗ ಹುಡುಕಬೇಕಾಗುತ್ತಿತ್ತು.